ನಡುದಾರಿಯ ನಂದಿ

ಕಳೆದ ಕಾರ್ತಿಕದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಪಿ.ಯು. ತರಗತಿಯಲ್ಲಿ ಎರಡು ವರ್ಷ ನನ್ನ ಪಾಠಕ್ಕೆ ಕುಳಿತಿದ್ದವಳು. ಮುಂದೆ ನಾಲ್ಕು ವರ್ಷದ ಪದವಿಯನ್ನು ಮುಗಿಸಿ, ನರವಿಜ್ಞಾನದಲ್ಲಿ ಪಿಎಚ್.ಡಿ. ಮಾಡಲೆಂದು ಅಮೆರಿಕಕ್ಕೆ ಹೋದವಳು. ಮೂರು ವರ್ಷಗಳಾದ ಮೇಲೆ ಹಿಂದಿರುಗಿದ್ದಳು. ಕಾಫಿ ಕುಡಿದು ಲೋಟವನ್ನು ಕೆಳಗಿಟ್ಟವಳು, ಚೀಲದಿಂದ ಒಂದು ದಪ್ಪ ಕಾಗದವನ್ನು ತೆಗೆದು ನನ್ನ ಮುಂದಿಟ್ಟಳು. ವಿಶ್ವವಿದ್ಯಾಲಯದ ಮುದ್ರೆ, ಕುಲಪತಿಗಳ ರುಜು, ನಡುವೆ ಅವಳ ಹೆಸರು, ನರವಿಜ್ಞಾನದಲ್ಲಿ ಎಂ.ಎಸ್. ಪದವಿ.

“ಮನೆಯಲ್ಲಿ ಯಾರೂ ಇದನ್ನು ಗೋಡೆಗೆ ಹಾಕಬೇಡ ಅನ್ನುವುದಿಲ್ಲ ಸಾರ್, ಹಾಕು ಅಂತಲೂ ಅನ್ನುವುದಿಲ್ಲ” ಎಂದಳು.

ನಡೆದದ್ದು ಇಷ್ಟು. ಅವಳ ಮಾರ್ಗದರ್ಶಕರು ಮೂರನೆಯ ವರ್ಷದಲ್ಲಿ ಬೇರೊಂದು ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ಅವರ ಹಿಂದೆ ದೂರದ ಊರಿಗೆ ಹೋಗುವುದು ಅವಳಿಗೆ ಸಾಧ್ಯವಾಗಲಿಲ್ಲ. ಇನ್ನೊಬ್ಬರ ಪ್ರಯೋಗಶಾಲೆಯಲ್ಲಿ ಮೊದಲಿನಿಂದ ತೊಡಗಲು ಮನಸ್ಸು ಬರಲಿಲ್ಲ. ಆಗ ಕಚೇರಿಯವರು ಹೇಳಿದರು: ಇದುವರೆಗೆ ಮಾಡಿದ ವ್ಯಾಸಂಗಕ್ಕೆ ಎಂ.ಎಸ್. ಪದವಿ ದೊರೆಯುತ್ತದೆ, ಇಂಥ ತಾರೀಖಿನೊಳಗೆ ಅರ್ಜಿ ಹಾಕಿಕೊಳ್ಳಬೇಕು, ಎಂದು. ಹಾಗೆಂಬ ನಿಯಮವೊಂದು ಇರುವುದೇ ಅವಳಿಗೆ ತಿಳಿದುದು ಆ ದಿನ. ಈಗ ತಂದೆ ನೆಂಟರೊಡನೆ, “ಮಗಳು ಎಂ.ಎಸ್. ಮಾಡುವುದಕ್ಕೆ ಹೋಗಿದ್ದಳು, ಮುಗಿಸಿಕೊಂಡು ಬಂದಳು” ಎನ್ನುತ್ತಾರೆ. ಆ ಮಾತಿನಲ್ಲಿ ಮಗಳ ಮೇಲಣ ಪ್ರೀತಿಯಿದೆ. ಮುಚ್ಚಿಡಬೇಕಾದುದು ಏನೋ ಇದೆ ಎಂಬ ಅಳುಕೂ ಇದೆ. ಅವಳನ್ನು ನೋಯಿಸಿದುದು ಆ ಅಳುಕು.

ಅವಳ ಜೊತೆಯ ಹುಡುಗನೊಬ್ಬನಿಗೂ ಅದೇ ದಿನ ಅದೇ ಪದವಿ ಬಂದಿತಂತೆ. ಅವನು ಪಿಎಚ್.ಡಿ. ಮುಂದುವರಿಸುತ್ತಿದ್ದಾನೆ. ಆ ಪ್ರಮಾಣಪತ್ರವನ್ನು ಕಚೇರಿಯಿಂದ ತಂದುಕೊಳ್ಳುವ ಗೋಜಿಗೂ ಅವನು ಹೋಗಿಲ್ಲವಂತೆ. ಕಾಗದ ಒಂದೇ, ಮುದ್ರೆ ಒಂದೇ, ಓದಿದ ಪಾಠವೂ ಒಂದೇ. ಒಬ್ಬನಿಗೆ ಅದು ಲೆಕ್ಕಕ್ಕೆ ಬಾರದ ವಸ್ತು. ಇನ್ನೊಬ್ಬಳಿಗೆ ಮೂರು ವರ್ಷದ ಬಾಳಿಗೆ ಉಳಿದ ಒಂದೇ ಸಾಕ್ಷಿ. ಹಾಗಾದರೆ ಆ ಪದವಿಯ ನಿಜವಾದ ಬೆಲೆ ಏನು? ಅದನ್ನು ಯಾರಿಗೆ, ಯಾವ ಅರ್ಹತೆಯ ಮೇಲೆ, ಯಾವ ರೀತಿಯಲ್ಲಿ ಕೊಡಬೇಕು? ಅವಳು ಹೋದ ಮೇಲೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಈ ಏರ್ಪಾಡು ನಮ್ಮ ಓದುಗರಲ್ಲಿ ಹಲವರಿಗೆ ಹೊಸದಾಗಿರಬಹುದು. ನಮ್ಮಲ್ಲಿ ಬಿ.ಎಸ್ಸಿ., ಎಂ.ಎಸ್ಸಿ., ಪಿಎಚ್.ಡಿ. ಎಂಬುವು ಬಹುಕಾಲದಿಂದ ಬೇರೆಬೇರೆ ಮೂರು ಮನೆಗಳು. ಒಂದರಿಂದ ಹೊರಬಿದ್ದು ಇನ್ನೊಂದರ ಬಾಗಿಲನ್ನು ತಟ್ಟಬೇಕು. ಅಮೆರಿಕದಲ್ಲಿ ವಿಜ್ಞಾನ ವಿಭಾಗಗಳ ಪದ್ಧತಿ ಬೇರೆ. ನಾಲ್ಕು ವರ್ಷದ ಪದವಿ ಮುಗಿಸಿದವನು ನೇರವಾಗಿ ಪಿಎಚ್.ಡಿ.ಗೆ ಸೇರಬಹುದು. ನರವಿಜ್ಞಾನದಲ್ಲಂತೂ ಬರಿಯ ಎಂ.ಎಸ್.ಗೆಂದು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳದ ವಿಭಾಗಗಳು ಎಷ್ಟೋ ಇವೆ. ಐದಾರು ವರ್ಷದ ದಾರಿ; ಅದರ ನಡುವೆ ಎಂ.ಎಸ್. ಎಂಬ ಒಂದು ನಿಲುಗಡೆ.

ಆ ನಿಲುಗಡೆಯನ್ನು ಮುಟ್ಟಲು ಬೇಕಾದುದೇನು? ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ನಿಯಮಗಳು ಬೇರೆಯಾದರೂ ಅವುಗಳ ಮೈಕಟ್ಟು ಒಂದೇ. ಮೊದಲನೆಯದು ಪಾಠದ ಲೆಕ್ಕ. ಸಾಮಾನ್ಯವಾಗಿ 30ರ ಆಸುಪಾಸಿನಷ್ಟು ಕ್ರೆಡಿಟ್‌ಗಳ ಸ್ನಾತಕೋತ್ತರ ವ್ಯಾಸಂಗವಾಗಿರಬೇಕು. ನಾಲ್ಕಕ್ಕೆ ಮೂರರಷ್ಟಾದರೂ ಸರಾಸರಿ ಬಂದಿರಬೇಕು. ನರಕೋಶದ ರಚನೆ ಮತ್ತು ವ್ಯಾಪಾರ, ಇಂದ್ರಿಯಗಳೂ ಚಲನೆಯೂ ಮೆದುಳಿನಲ್ಲಿ ನಡೆಯುವ ಬಗೆ, ಸಂಖ್ಯಾಶಾಸ್ತ್ರ, ಸಂಶೋಧನೆಯ ನೀತಿ ಮುಂತಾದುವು ಕಡ್ಡಾಯ ಪಾಠಗಳು. ಎರಡನೆಯದು ಪ್ರಯೋಗಶಾಲೆಯ ಸರದಿ. ಮೊದಲ ವರ್ಷದಲ್ಲಿ ಎರಡು ಮೂರು ಪ್ರಯೋಗಶಾಲೆಗಳಲ್ಲಿ ಕೆಲಕೆಲವು ವಾರ ಕೆಲಸ ಮಾಡಿ, ಯಾರ ಬಳಿ ನೆಲೆಸಬೇಕೆಂಬುದನ್ನು ವಿದ್ಯಾರ್ಥಿ ನಿಶ್ಚಯಿಸಿಕೊಳ್ಳುತ್ತಾನೆ. ಮೂರನೆಯದು, ಎಲ್ಲಕ್ಕಿಂತ ಕಠಿಣವಾದುದು, ಅರ್ಹತಾ ಪರೀಕ್ಷೆ. ಸಾಮಾನ್ಯವಾಗಿ ಎರಡನೆಯ ವರ್ಷದ ಸುಮಾರಿಗೆ ಬರುವ ಈ ಪರೀಕ್ಷೆಗೆ ವಿದ್ಯಾರ್ಥಿ ಒಂದು ಸಂಶೋಧನೆಯ ಯೋಜನೆಯನ್ನು ಬರೆದು, ಅಧ್ಯಾಪಕರ ಸಮಿತಿಯ ಮುಂದೆ ನಿಂತು, ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಬೇಕು.

ಈ ಮೂರರಲ್ಲಿ ಯಾವುದು ಎಂ.ಎಸ್.ಗೆ ಸಾಕು ಎಂಬಲ್ಲಿ ಮತಭೇದ. ಕೆಲವೆಡೆ ಪಾಠದ ಲೆಕ್ಕ ತುಂಬಿದರೆ ಸಾಕು. ಕೆಲವೆಡೆ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇನ್ನು ಕೆಲವೆಡೆ ಒಂದು ಕಿರುಪ್ರಬಂಧವನ್ನೂ ಬರೆದುಕೊಡಬೇಕು. ಯೇಲ್, ಕೊಲಂಬಿಯ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಒಂದು ಮೆಟ್ಟಿಲುಂಟು: ಮಹಾಪ್ರಬಂಧವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮುಗಿಸಿದವರಿಗೆ ಎಂ.ಫಿಲ್. ಪದವಿ. ಆದರೆ ಬಹುಮಟ್ಟಿಗೆ ಎಲ್ಲೆಡೆಯೂ ಇರುವ ಒಂದು ನಿಯಮವನ್ನು ಹೇಳಲೇಬೇಕು: ಪದವಿ ತಾನಾಗಿ ಬರುವುದಿಲ್ಲ, ಗೊತ್ತಾದ ತಾರೀಖಿನೊಳಗೆ ಅರ್ಜಿ ಸಲ್ಲಿಸಬೇಕು. ತಾರೀಖು ತಪ್ಪಿತೋ, ಇನ್ನೊಂದು ಅವಧಿಯವರೆಗೆ ಕಾಯಬೇಕು.

ನಿಯಮ ಒಂದೇ ಆದರೂ ಪದವಿಗೆ ಹೆಸರು ಎರಡು. ಮುಂದೆ ಹೋಗುವವನು ಪಡೆದರೆ ಅದು ‘ದಾರಿಯ ಪದವಿ’. ನಿಂತುಹೋದವನು ಪಡೆದರೆ ‘ಕೊನೆಯ ಪದವಿ’. ವಿದ್ಯಾರ್ಥಿಗಳ ಬಾಯಲ್ಲಿ ಈ ಎರಡನೆಯದಕ್ಕೆ ಇನ್ನೂ ಒಂದು ಹೆಸರಿದೆ: ಸಮಾಧಾನಕರ ಬಹುಮಾನ. ನಮ್ಮ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಓಡಿ ಸೋತ ಮಕ್ಕಳಿಗೆ ಕೊಡುವ ಪೆನ್ಸಿಲ್ಲು, ರಬ್ಬರು ನೆನಪಿಗೆ ಬರುವುದಿಲ್ಲವೆ? ಗೆದ್ದು ಪಡೆದ ವಸ್ತುವಿಗೆ ಸೋಲಿನ ಹೆಸರನ್ನು ಕಟ್ಟುವುದು ನ್ಯಾಯವೆ?

ಈ ಅವಮಾನ ಆ ಪದವಿಯ ಹುಟ್ಟಿನೊಡನೆ ಬಂದುದಲ್ಲ. ಮಧ್ಯಯುಗದ ಯೂರೋಪಿನಲ್ಲಿ ‘ಮ್ಯಾಜಿಸ್ಟರ್’ ಎಂದರೆ ಪಾಠ ಹೇಳುವ ಅಧಿಕಾರವನ್ನು ಪಡೆದವನು. ಪ್ಯಾರಿಸ್ಸಿನ ಗುರುಗಳಿಗೆ ಆ ಹೆಸರು ರೂಢಿಯಾಗಿದ್ದರೆ, ಬೊಲೋನ್ಯದ ನ್ಯಾಯಶಾಸ್ತ್ರದ ಗುರುಗಳಿಗೆ ‘ಡಾಕ್ಟರ್’ ಎಂಬುದು ರೂಢಿಯಾಗಿತ್ತು. ಒಂದು ಇನ್ನೊಂದಕ್ಕಿಂತ ಕೀಳಾಗಿರಲಿಲ್ಲ. ಎರಡರ ತಿರುಳೂ ಗುರುತನವೇ. ಸಂಶೋಧನೆಯ ಪದವಿಯಾಗಿ ಪಿಎಚ್.ಡಿ. ಜರ್ಮನಿಯಲ್ಲಿ ಬೆಳೆದು, 1861ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೂಲಕ ಅಮೆರಿಕಕ್ಕೆ ಬಂದ ಮೇಲೆ, ‘ಮಾಸ್ಟರ್’ ಎಂಬುದು ಅದರ ಕೆಳಗಿನ ಮೆಟ್ಟಿಲಾಯಿತು. ಇತ್ತ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಬಿ.ಎ. ಆದವರಿಗೆ ಕೆಲವು ವರ್ಷ ಕಳೆದ ಮೇಲೆ ಬೇರೆ ಪರೀಕ್ಷೆಯೇ ಇಲ್ಲದೆ ಎಂ.ಎ. ಕೊಡುವ ಪದ್ಧತಿ ಇಂದಿಗೂ ಉಳಿದಿದೆ. ಹೀಗೆ ಒಂದೇ ಹೆಸರು ಒಂದೆಡೆ ಗುರುತನದ ಗುರುತಾಗಿ, ಒಂದೆಡೆ ವಯಸ್ಸಿನ ಗುರುತಾಗಿ, ಮತ್ತೊಂದೆಡೆ ಬಿಟ್ಟುಹೋದವರ ಗುರುತಾಗಿ ಅಲೆಯುತ್ತಿದೆ. ಪದವಿಯ ಅರ್ಥ ಅದರ ಹೆಸರಿನಲ್ಲಿಲ್ಲ, ಅದಕ್ಕಾಗಿ ಮಾಡಿದ ಕೆಲಸದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾಗಾದರೆ ನರವಿಜ್ಞಾನದಲ್ಲಿ ಆ ಕೆಲಸ ಎಂಥದು? ಬೇರೆ ಶಾಸ್ತ್ರಗಳ ವಿಷಯದಲ್ಲಿ ಎರಡು ವರ್ಷದ ಪಾಠವನ್ನು ಹಿಂದೆ ಕಲಿತುದರ ಮುಂದುವರಿಕೆ ಎನ್ನಬಹುದು, ಇಲ್ಲಿ ಹಾಗಲ್ಲ. ಇದು ಹಲವು ಹೊಳೆಗಳು ಕೂಡಿದ ಶಾಸ್ತ್ರ. ಜೀವಶಾಸ್ತ್ರ ಓದಿದವನೂ ಬರುತ್ತಾನೆ, ಭೌತಶಾಸ್ತ್ರ ಓದಿದವನೂ ಬರುತ್ತಾನೆ, ಮನಶ್ಶಾಸ್ತ್ರದವಳೂ ಎಂಜಿನಿಯರಿಂಗಿನವಳೂ ಬರುತ್ತಾರೆ. ಒಬ್ಬನಿಗೆ ಗಣಿತ ಗೊತ್ತು, ಮೆದುಳನ್ನು ಕಣ್ಣಾರೆ ಕಂಡಿಲ್ಲ. ಇನ್ನೊಬ್ಬಳಿಗೆ ಮೆದುಳಿನ ಅಂಗಾಂಗ ಗೊತ್ತು, ಸಮೀಕರಣವನ್ನು ಕಂಡರೆ ಭಯ. ಎರಡು ವರ್ಷದಲ್ಲಿ ಇವರೆಲ್ಲ ಒಂದು ಸಮಾನವಾದ ಭಾಷೆಯನ್ನು ಕಲಿಯಬೇಕು.

ಆ ಭಾಷೆಯ ಅಕ್ಷರಮಾಲೆಯೇ ದೊಡ್ಡದು. ಗಾಲ್ಜಿ ಕಂಡುಹಿಡಿದ ಬಣ್ಣ ಹಾಕುವ ಕ್ರಮವನ್ನೇ ಹಿಡಿದು, ಸ್ಪೇನ್ ದೇಶದ ಕಾಹಾಲ್ ನರಕೋಶಗಳು ಒಂದಕ್ಕೊಂದು ಹೊಸೆದ ಬಲೆಯಲ್ಲ, ಬಿಡಿಬಿಡಿಯಾದ ವ್ಯಕ್ತಿಗಳು ಎಂದು ತೋರಿಸಿದುದು. 1906ರಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಹುಮಾನ ಬಂದರೂ ಆ ವೇದಿಕೆಯ ಮೇಲೆಯೇ ಗಾಲ್ಜಿ ಆ ಸಿದ್ಧಾಂತವನ್ನು ಒಪ್ಪದೆ ಮಾತಾಡಿದುದು. 1952ರಲ್ಲಿ ಹಾಡ್ಜ್‌ಕಿನ್, ಹಕ್ಸ್ಲಿ ಎಂಬಿಬ್ಬರು ಕಡಲಿನ ಸ್ಕ್ವಿಡ್ ಪ್ರಾಣಿಯ ದಪ್ಪ ನರತಂತುವಿನಲ್ಲಿ ವಿದ್ಯುತ್ ಸಂದೇಶ ಹರಿಯುವ ಬಗೆಯನ್ನು ಗಣಿತಕ್ಕೆ ಇಳಿಸಿದುದು. 1953ರಲ್ಲಿ ಮೂರ್ಛೆರೋಗಕ್ಕೆಂದು ಶಸ್ತ್ರಚಿಕಿತ್ಸೆಗೊಳಗಾದ ಹೆನ್ರಿ ಮೊಲೈಸನ್ ಎಂಬಾತ ಹೊಸ ನೆನಪುಗಳನ್ನು ಕಟ್ಟಿಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡು, 2008ರಲ್ಲಿ ತೀರಿಕೊಳ್ಳುವವರೆಗೆ ತನ್ನ ಬಾಳಿನಿಂದಲೇ ವಿಜ್ಞಾನಕ್ಕೆ ಪಾಠ ಹೇಳಿದುದು. ಮನುಷ್ಯನ ಮೆದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳ ಕಡೆಗೆ ಹೋಗುವ ದಾರಿಯಲ್ಲಿ ಇವೆಲ್ಲ ಮೊದಲ ಪಾಠಗಳು. ಇಷ್ಟನ್ನು ಅರಗಿಸಿಕೊಂಡು, ಪ್ರಯೋಗವೊಂದನ್ನು ಸ್ವತಃ ಮಾಡಿ, ಕೆಟ್ಟಾಗ ಏಕೆ ಕೆಟ್ಟಿತೆಂದು ಹೇಳಬಲ್ಲವನು ನರವಿಜ್ಞಾನವನ್ನು ಬಲ್ಲವನೇ. ಅವನು ಮಹಾಪ್ರಬಂಧ ಬರೆಯಲಿಲ್ಲ ಎಂಬುದು ನಿಜ. ಆದರೆ ಬಲ್ಲವನಲ್ಲ ಎನ್ನುವುದು ಸುಳ್ಳು.

ಚಾಮುಂಡಿಬೆಟ್ಟದ ಮೆಟ್ಟಿಲುಗಳನ್ನು ಹತ್ತಿದವರಿಗೆ ನನ್ನ ಮಾತು ಸುಲಭವಾಗಿ ತಿಳಿದೀತು. ಸಾವಿರ ಮೆಟ್ಟಿಲು ಎನ್ನುತ್ತಾರೆ. ದಾರಿಯಲ್ಲಿ ಮುಕ್ಕಾಲು ಪಾಲಿನ ಸುಮಾರಿಗೆ, ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಕಡೆದ ನಂದಿ ಕುಳಿತಿದ್ದಾನೆ. ಸುಮಾರು 16 ಅಡಿ ಎತ್ತರದ ಏಕಶಿಲೆ. ತುದಿಗೆ ಹೋಗುವವರು ಅಲ್ಲಿ ನಿಂತು ಕೈಮುಗಿದು ಮುಂದೆ ಹೋಗುತ್ತಾರೆ. ಮಂಡಿನೋವಿನ ಮುದುಕರು, ಹೊತ್ತಾದವರು, ಕೈಮಗುವಿನ ತಾಯಂದಿರು ಅಲ್ಲಿಂದಲೇ ಇಳಿದುಬಿಡುತ್ತಾರೆ. ಇಳಿದವರನ್ನು ಯಾರೂ ಬೆಟ್ಟ ಹತ್ತಲಾರದೆ ಬಂದವರೆಂದು ಹಂಗಿಸುವುದಿಲ್ಲ, ‘ನಂದಿಯ ದರ್ಶನವಾಯಿತೆ?’ ಎಂದು ಕೇಳುತ್ತಾರೆ. ಏಕೆಂದರೆ ಅಲ್ಲಿ ದರ್ಶನ ಮಾಡತಕ್ಕ ನಂದಿಯಿದ್ದಾನೆ. ಆ ಜಾಗದಲ್ಲಿ ಬರಿಯ ಮೈಲಿಗಲ್ಲೊಂದಿದ್ದರೆ, ಅಲ್ಲಿಂದ ಇಳಿದವನಿಗೆ ಹೇಳಿಕೊಳ್ಳಲು ಏನಿರುತ್ತಿತ್ತು?

ನನ್ನ ಅಭಿಪ್ರಾಯ ಇಷ್ಟೆ: ಪಿಎಚ್.ಡಿ.ಯ ನಡುದಾರಿಯ ಎಂ.ಎಸ್. ಮೈಲಿಗಲ್ಲಾಗಬಾರದು, ನಂದಿಯಾಗಬೇಕು. ಅದಕ್ಕೆ ಮೂರು ಕಟ್ಟಳೆಗಳು ಸಾಕು.

ಮೊದಲನೆಯದಾಗಿ, 30 ಕ್ರೆಡಿಟ್ ಎಂಬುದು ಕೂಡಿಸಿದ ಮೊತ್ತವಾಗದೆ ಒಂದು ಪೂರ್ಣವಾದ ವ್ಯಾಸಂಗವಾಗಿರಬೇಕು. ಅಲ್ಲೊಂದು ಇಲ್ಲೊಂದು ಪಾಠವನ್ನು ಹೆಕ್ಕಿ ಲೆಕ್ಕ ತುಂಬಿಸಿದವನಿಗೂ, ಕೋಶದಿಂದ ನಡವಳಿಕೆಯವರೆಗೆ ಶಾಸ್ತ್ರದ ಒಡಲನ್ನು ಸುತ್ತಿ ಬಂದವನಿಗೂ ಒಂದೇ ಪದವಿ ಸಲ್ಲಕೂಡದು.

ಎರಡನೆಯದಾಗಿ, ವಿದ್ಯಾರ್ಥಿಯ ಕೈಯಿಂದ ಬಂದ ಒಂದು ಬರಹ ಇರಬೇಕು. ಮಹಾಪ್ರಬಂಧ ಬೇಡ, ಮೂವತ್ತು ನಲವತ್ತು ಪುಟ ಸಾಕು. ತಾನು ಮಾಡಿದ ಪ್ರಯೋಗ ಯಾವುದು, ಅದರಿಂದ ತಿಳಿದುದೇನು, ತಿಳಿಯದೆ ಹೋದುದೇನು ಎಂಬುದನ್ನು ಮರೆಮಾಚದೆ ಬರೆದು, ಮೂವರು ಅಧ್ಯಾಪಕರ ಮುಂದೆ ಸಮರ್ಥಿಸಬೇಕು. ಅರ್ಹತಾ ಪರೀಕ್ಷೆಯ ಯೋಜನೆಯನ್ನೇ ಇದಕ್ಕೆ ಒದಗಿಸಿಕೊಂಡರೂ ಆಗಬಹುದು. ಹೀಗೆ ಪುಸ್ತಕಭಂಡಾರದಲ್ಲಿ ಇಡಬಹುದಾದ ಒಂದು ಕೃತಿ ಉಳಿದರೆ, ಪದವಿ ಪಡೆದವನು ಅದರ ಕಡೆಗೆ ಕೈತೋರಿಸಬಲ್ಲನು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಈ ನಿಯಮಗಳನ್ನು ವಿದ್ಯಾರ್ಥಿ ಸೇರಿದ ದಿನವೇ ಅಚ್ಚುಹಾಕಿಸಿ ಅವನ ಕೈಗೆ ಕೊಡಬೇಕು. ಅರ್ಹತೆ ಪೂರ್ಣವಾದೊಡನೆ ಪದವಿಯನ್ನು ಅರ್ಜಿಯಿಲ್ಲದೆ, ಮುಂದೆ ಹೋಗುವವನು ಹಿಂದಿರುಗುವವನು ಎಂಬ ಭೇದವಿಲ್ಲದೆ, ಎಲ್ಲರಿಗೂ ಒಂದೇ ಸಮಾರಂಭದಲ್ಲಿ ಕೊಡಬೇಕು. ಹೊರಡುವವನ ಕೈಗೆ ಮಾತ್ರ ಕೊಟ್ಟರೆ ಅದು ಬೀಳ್ಕೊಡುಗೆಯಾಗುತ್ತದೆ. ಎಲ್ಲರಿಗೂ ಕೊಟ್ಟರೆ ಅದು ಹಕ್ಕಾಗುತ್ತದೆ. ದುಡಿದು ಗಳಿಸಿದುದಕ್ಕೆ ವಿದ್ಯಾರ್ಥಿ ಕಚೇರಿಯ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲುವಂತಾಗಬಾರದು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಅಮೆರಿಕದಲ್ಲಿ ನರವಿಜ್ಞಾನದ ಪಿಎಚ್.ಡಿ. ವಿದ್ಯಾರ್ಥಿಗೆ ಸಾಮಾನ್ಯವಾಗಿ ಶುಲ್ಕದ ಹೊರೆಯಿಲ್ಲ, ಮೇಲೆ ಜೀವನಕ್ಕೆ ವೇತನವೂ ಉಂಟು, ಎಂ.ಎಸ್. ಒಂದಕ್ಕೇ ಸೇರುವವನು ಬಹುಮಟ್ಟಿಗೆ ತನ್ನ ಹಣವನ್ನೇ ಕಟ್ಟಬೇಕು. ಹಾಗಿರುವಾಗ, ನಡುದಾರಿಯ ಪದವಿಯನ್ನು ಹಕ್ಕೆಂದು ಸಾರಿದರೆ ಜನ ಪಿಎಚ್.ಡಿ.ಯ ಹೆಸರಿನಲ್ಲಿ ಸೇರಿ, ಎಂ.ಎಸ್. ಹಿಡಿದುಕೊಂಡು ಹೋಗಿಬಿಡುವುದಿಲ್ಲವೆ? ಇದು ಹಿತ್ತಲ ಬಾಗಿಲನ್ನು ತೆರೆದಿಟ್ಟಂತಾಗುವುದಿಲ್ಲವೆ?

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಎರಡು ಮೂರು ವರ್ಷ ವಿದ್ಯಾರ್ಥಿ ಸುಮ್ಮನೆ ಕುಳಿತು ಉಂಡವನಲ್ಲ. ಪ್ರಯೋಗಶಾಲೆಯಲ್ಲಿ ರಾತ್ರಿಹಗಲು ದುಡಿದಿದ್ದಾನೆ. ಎಷ್ಟೋ ಕಡೆ ಕೆಳಗಿನ ತರಗತಿಗಳಿಗೆ ಪಾಠ ಹೇಳಿದ್ದಾನೆ, ಉತ್ತರಪತ್ರಿಕೆಗಳನ್ನು ತಿದ್ದಿದ್ದಾನೆ. ಪಡೆದ ವೇತನ ದಾನವಲ್ಲ. ಇನ್ನು ಬಾಗಿಲಿನ ಮಾತು. ಬಾಗಿಲಿಲ್ಲದ ಮನೆಯಲ್ಲಿ ಉಳಿದವರೆಲ್ಲ ಪ್ರೀತಿಯಿಂದ ಉಳಿದವರಲ್ಲ. ಬರಿಗೈಯಲ್ಲಿ ಊರಿಗೆ ಹೋಗುವುದು ಹೇಗೆಂಬ ಭಯದಿಂದಲೇ, ಆಸಕ್ತಿ ಬತ್ತಿಹೋದ ಮೇಲೂ ವರ್ಷಗಟ್ಟಲೆ ಪ್ರಯೋಗಶಾಲೆಯಲ್ಲಿ ಉಳಿಯುವ ವಿದ್ಯಾರ್ಥಿಗಳುಂಟು. ಅಂಥ ಸಂಶೋಧನೆಯಿಂದ ಅವರಿಗೂ ಸುಖವಿಲ್ಲ, ಶಾಸ್ತ್ರಕ್ಕೂ ಲಾಭವಿಲ್ಲ. ಗೌರವವಾಗಿ ಹೊರಡಬಹುದು ಎಂದು ಗೊತ್ತಿದ್ದವನು ಉಳಿದರೆ ಮನಸ್ಸಿಟ್ಟು ಉಳಿಯುತ್ತಾನೆ.

ಇನ್ನೊಂದು ಆಕ್ಷೇಪಣೆ ನಮ್ಮ ಸಾಹಿತ್ಯದ ಓದುಗರಿಂದ ಬರಬಹುದು. ಪದವಿಯೇ ಪಾಂಡಿತ್ಯವೆ? ಸರ್ ಸಿ. ವಿ. ರಾಮನ್ನರು 1907ರಲ್ಲಿ ಮದರಾಸಿನಲ್ಲಿ ಎಂ.ಎ. ಮಾಡಿದವರು, ಪಿಎಚ್.ಡಿ. ಮಹಾಪ್ರಬಂಧವನ್ನು ಬರೆದವರಲ್ಲ, 1930ರಲ್ಲಿ ನೊಬೆಲ್ ಬಹುಮಾನ ಅವರನ್ನು ಹುಡುಕಿಕೊಂಡು ಬಂದಿತು. ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜನ್ನು ಬಿಟ್ಟವರು. ಮುಂದೆ ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಕನ್ನಡಿಗರಿಗೆ ಕೊಟ್ಟರು. ಹೀಗಿರುವಾಗ ಒಂದು ಕಾಗದಕ್ಕೆ ಇಷ್ಟೊಂದು ಮಾತೇಕೆ, ಎಂದು ಕೇಳಬಹುದು. ಅವರು ಸಿಂಹಗಳು, ಸಿಂಹಕ್ಕೆ ಕಾಡೇ ಪಟ್ಟ ಕಟ್ಟುತ್ತದೆ. ಆದರೆ ನಾಡಿನ ಕೆಲಸಗಳೆಲ್ಲ ಸಿಂಹಗಳಿಂದಲೇ ನಡೆಯುವುದಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವವನಿಗೆ, ಆಸ್ಪತ್ರೆಯಲ್ಲಿ ಮೆದುಳಿನ ಚಿತ್ರಗಳನ್ನು ಪರಿಶೀಲಿಸುವವಳಿಗೆ, ಕೆಲಸ ಕೇಳಲು ಹೋದೆಡೆ ತೋರಿಸಲು ಒಂದು ಸಾಕ್ಷಿ ಬೇಕು. ಮಾಡಿದ ಕೆಲಸಕ್ಕೆ ಸಾಕ್ಷಿ ಹೇಳುವುದು ವಿಶ್ವವಿದ್ಯಾಲಯದ ಧರ್ಮ.

ಅಮೆರಿಕದ ವಿಷಯ ನಮಗೇಕೆ ಎನ್ನುವವರಿಗೂ ಒಂದು ಮಾತು. ನರವಿಜ್ಞಾನ ಈಗ ಕಡಲಾಚೆಯ ವಿದ್ಯೆಯಾಗಿ ಉಳಿದಿಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಗಿ ಬೆಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ನರವಿಜ್ಞಾನ ಕೇಂದ್ರವೇ ಹುಟ್ಟಿತು. ಬಿ.ಎಸ್ಸಿ. ಮುಗಿಸಿದವರು ನೇರವಾಗಿ ಸೇರಬಹುದಾದ, ಸ್ನಾತಕೋತ್ತರ ವ್ಯಾಸಂಗವೂ ಸಂಶೋಧನೆಯೂ ಒಂದೇ ದಾರಿಯಲ್ಲಿ ಕೂಡಿದ ಸಂಯುಕ್ತ ಪಿಎಚ್.ಡಿ. ನಮ್ಮಲ್ಲಿಯೂ ಉಂಟು.

ಅದಕ್ಕಿಂತ ಮುಖ್ಯವಾದ ಬದಲಾವಣೆ 2022ರಲ್ಲಿ ಆಯಿತು. ಆ ವರ್ಷದ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮಗಳು ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿದವು. ನಾಲ್ಕು ವರ್ಷದ ಪದವಿಯಲ್ಲಿ ನೂರಕ್ಕೆ 75 ಅಂಕ ಪಡೆದವರು ನೇರವಾಗಿ ಪಿಎಚ್.ಡಿ.ಗೆ ಸೇರಬಹುದೆಂದು ಮುಂಬಾಗಿಲನ್ನು ತೆರೆದವು. ಅದೇ ಕೈಯಿಂದ ಎಂ.ಫಿಲ್. ಪದವಿಯನ್ನು ನಿಲ್ಲಿಸಿದವು. ಎಂ.ಫಿಲ್. ಬಗ್ಗೆ ದೂರುಗಳು ಇದ್ದುವು, ಸರಿ. ಆದರೂ ಸಂಶೋಧನೆಯ ದಾರಿಯಲ್ಲಿ ಅದೊಂದು ತಂಗುದಾಣವಾಗಿತ್ತು. ಈಗ ಇಪ್ಪತ್ತೆರಡರ ವಯಸ್ಸಿನ ವಿದ್ಯಾರ್ಥಿ ನೇರವಾಗಿ ಪಿಎಚ್.ಡಿ.ಗೆ ಸೇರಿ, ಮೂರು ವರ್ಷದ ಮೇಲೆ ಕಾರಣಾಂತರದಿಂದ ಬಿಡಬೇಕಾಗಿ ಬಂದರೆ ಅವನ ಕೈಯಲ್ಲಿ ಏನಿರುತ್ತದೆ? ನಿಯಮ ಕೇಳುವ ಕನಿಷ್ಠ ಪಾಠ 12 ಕ್ರೆಡಿಟ್. ಅಷ್ಟರಿಂದ ಯಾವ ಪದವಿಯೂ ಆಗುವುದಿಲ್ಲ. ನಾಲ್ಕು ವರ್ಷದ ಪದವಿ ಪಡೆದವರಿಗೆ ಒಂದು ವರ್ಷದ ಸ್ನಾತಕೋತ್ತರ ಪದವಿ ಇರಬಹುದೆಂದು 2020ರ ಶಿಕ್ಷಣ ನೀತಿ ಹೇಳಿದೆ. ಆ ಒಂದು ವರ್ಷದ ವ್ಯಾಸಂಗವನ್ನು ಪಿಎಚ್.ಡಿ.ಯ ಒಳಗೇ ಮುಗಿಸಿಕೊಳ್ಳಲು ಅವಕಾಶವಿತ್ತು, ಒಂದು ಕಿರುಪ್ರಬಂಧವನ್ನು ಕೇಳಿ, ಪದವಿಯನ್ನು ಕೊಡುವ ಏರ್ಪಾಡನ್ನು ನಮ್ಮ ವಿಶ್ವವಿದ್ಯಾಲಯಗಳು ಏಕೆ ಮಾಡಬಾರದು? ದಾರಿಯನ್ನು ಹೊಸದಾಗಿ ಕಡಿಯುತ್ತಿರುವ ಹೊತ್ತಿನಲ್ಲಿಯೇ ನಂದಿಗೆ ಜಾಗವನ್ನು ಗೊತ್ತುಮಾಡುವುದು ಸುಲಭ.

ನನ್ನ ವಿದ್ಯಾರ್ಥಿನಿ ಈಗ ಒಂದು ಆಸ್ಪತ್ರೆಯಲ್ಲಿ ಮೂರ್ಛೆರೋಗಿಗಳ ಇ.ಇ.ಜಿ. ದಾಖಲೆಗಳನ್ನು ವಿಶ್ಲೇಷಿಸುವ ಕೆಲಸದಲ್ಲಿದ್ದಾಳೆ. ಆ ಅಲೆಯಲೆಯಾದ ಗೆರೆಗಳನ್ನು ಓದುವ ವಿದ್ಯೆಯನ್ನು ಅವಳು ಕಲಿತುದು ಆ ಮೂರು ವರ್ಷಗಳಲ್ಲಿಯೇ. ಆ ವರ್ಷಗಳು ವ್ಯರ್ಥವಾದುವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಹೊರಡುವಾಗ ನಾನು ಅವಳಿಗೆ ಹೇಳಿದೆ: “ಅಪ್ಪನ ಮಾತಿಗೆ ಬೇಸರಪಡಬೇಡಮ್ಮ. ಯಾರಾದರೂ ಕೇಳಿದರೆ, ಪಿಎಚ್.ಡಿ. ಮಾಡುವುದಕ್ಕೆ ಹೋಗಿದ್ದೆ, ಎಂ.ಎಸ್. ಗಳಿಸಿಕೊಂಡು ಬಂದೆ, ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳು.”

ಅವಳು ಕಾಗದವನ್ನು ಮಡಿಸದೆ ಚೀಲದಲ್ಲಿಟ್ಟುಕೊಂಡಳು. ಹೋದ ವಾರ ಅವಳ ತಂದೆ ದಾರಿಯಲ್ಲಿ ಸಿಕ್ಕಿದ್ದರು. “ಮಗಳ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಲು ಕೊಟ್ಟಿದ್ದೇನೆ ಮೇಷ್ಟ್ರೆ, ಎಷ್ಟು ದಪ್ಪದ ಗಾಜು ಹಾಕಿಸಿದರೆ ಚೆನ್ನ?” ಎಂದು ಕೇಳಿದರು.